ಹಾವಿನ ಏಕಾದಶಿ

ಪ್ಲಂಬರ್ ಕ್ರೇಗ್ ಬಿಸಿನೀರಿನ ಸಿಲಿಂಡರ್ ಇದ್ದ ಕಪಾಟು ತೆರೆದ. ಮೇಲಿನ ಹಲಗೆಯ ಮೇಲೆ ಒದ್ದೆ ಪಂಚೆಯೊಂದು ಮುದ್ದೆಯಾಗಿ ಬಿದ್ದಿತ್ತು. ಎಳೆದ. ಪಂಚೆಯ ಜೊತೆ ಉದ್ದನೆಯ, ತೆಳ್ಳನೆಯ ಏನೋ ಒಂದು ಜಾರಿ ಅವನ ಭುಜದ ಮೇಲೆ ಬಿತ್ತು.

ಹಾವಿನ ಪೊರೆ.

ಐವತ್ತು ವರ್ಷ ನ್ಯೂಜಿಲೆಂಡಿನಲ್ಲೇ ಬದುಕಿದ ಆಸಾಮಿ. ಹಾವನ್ನು ಟೀವಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಆದರೂ ಇದೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸ್ಪ್ಯಾನರ್ ಅಲ್ಲೇ ಬಿಟ್ಟು ರಸ್ತೆಗೆ ಓಡಿದ. ಯೂಟ್‌ ಪಿಕಪ್ ಗಾಡಿ ಹತ್ತಿ, ಗಾಜು ಏರಿಸಿಕೊಂಡು ಫೋನ್ ಮಾಡಿದ.

* * *

ಮಧ್ಯಾಹ್ನ ಒಂದರ ಹೊತ್ತಿಗೆ ನಿಖತ್ ಹ್ಯಾಮಿಲ್ಟನ್ನಿನ ಆ ಮನೆಯ ಮುಂದೆ ಕಾರು ನಿಲ್ಲಿಸಿದಳು.

ರಾಣೆಬೆನ್ನೂರಿನ ಹುಡುಗಿ. ಈಗ ಮೂವತ್ತಾರು. ಹೊರದೇಶದ ಕ್ರಿಮಿ, ಕೀಟ, ಪ್ರಾಣಿ ಈ ದೇಶದೊಳಗೆ ನುಸುಳದಂತೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಲ್ಲಿ ತನಿಖಾಧಿಕಾರಿ. ಹ್ಯಾಮಿಲ್ಟನ್ನಿನಲ್ಲಿ ಹಾವು ಸಿಕ್ಕಿತೆಂದರೆ ಬೆಂಗಳೂರಿನ ಮೆಟ್ರೋದಲ್ಲಿ ಒಂಟೆ ಸಿಕ್ಕ ಹಾಗೆ. ಈ ದೇಶದ ನೆಲದಲ್ಲಿ ಹಾವಿಲ್ಲ. ಮೃಗಾಲಯದಲ್ಲೂ ಇಲ್ಲ. ಸಾಕುವುದು ಅಪರಾಧ. ಸಿಕ್ಕ ಹಾವಿಗೆ ಚುಚ್ಚುಮದ್ದು ಕೊಟ್ಟು ಮುಗಿಸುತ್ತಾರೆ. ಇಲ್ಲಿನ ಹಕ್ಕಿಗಳು ಹಾವನ್ನೇ ಕಾಣದೆ ಬೆಳೆದವು, ನೆಲದ ಮೇಲೆ ಗೂಡು ಕಟ್ಟುವಷ್ಟು ಸಾಧು. ಕಾನೂನು ಸರಿಯಾಗಿಯೇ ಇದೆ ಎಂದು ನಿಖತ್‌ಗೆ ಗೊತ್ತಿತ್ತು. ಎಂಟು ವರ್ಷದ ನೌಕರಿಯಲ್ಲಿ ಅವಳು ಹಿಡಿದದ್ದು ಮೂರು ಹಾವು. ಮೂರೂ ಉಳಿಯಲಿಲ್ಲ. ಮೂರು ಸಲವೂ ಅವಳಿಗೆ ರಾತ್ರಿ ಊಟ ಸೇರಿರಲಿಲ್ಲ.

ಮನೆಯಲ್ಲಿ ಮೂವರು. ಮೈಸೂರಿನ ಗುರುದತ್, ಹಾಲಿನ ಕಾರ್ಖಾನೆಗಳಿಗೆ ಯಂತ್ರ ಕೂರಿಸುವ ಇಂಜಿನಿಯರ್. ಹೆಂಡತಿ ಗೀತಾ. ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಆದರ್ಶ್, ವಿಶ್ವವಿದ್ಯಾಲಯದಲ್ಲಿ ಹಕ್ಕಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದವನು. ಗಂಡ ಹೆಂಡತಿ ನಾಲ್ಕು ತಿಂಗಳ ಹಿಂದೆ ಬ್ರಿಸ್ಬೇನಿನಿಂದ ಮನೆ ಸಾಮಾನಿನ ಸಮೇತ ಹಡಗಿನ ಕಂಟೇನರ್ ಹಾಕಿಸಿಕೊಂಡು ಬಂದಿದ್ದರು.

"ಮೇಡಂ, ನಮ್ಮ ರೆಸಿಡೆನ್ಸಿ ಅರ್ಜಿ ಇನ್ನೂ ಪೆಂಡಿಂಗ್ ಇದೆ," ಗುರುದತ್ ಕೈ ಉಜ್ಜಿಕೊಂಡ. "ನಮಗೂ ಹಾವಿಗೂ ಏನ್ ಮೇಡಂ ಸಂಬಂಧ? ಹಾವಿನ ಪುಸ್ತಕ ಇಟ್ಕೊಂಡಿರೋನು ಈ ಆದರ್ಶ್. ಇಲಿ ತಂದಿಟ್ಟಿರೋನೂ ಅವನೇ."

"ಇಲಿ?"

"ಗ್ಯಾರೇಜಲ್ಲಿ ಫ್ರೀಜರ್ ಇದೆ. ತೆಗೆದು ನೋಡಿ. ನಾವು ಮೊಟ್ಟೆನೂ ಮುಟ್ಟಲ್ಲ."

ಆದರ್ಶ್ ಮುಖ ಕೆಂಪಾಯಿತು. "ಹಕ್ಕಿ ಆಸ್ಪತ್ರೆಯ ಗೂಬೆಗೆ ಅದು, ಮೇಡಂ. ನಾನಲ್ಲಿ ವಾಲಂಟಿಯರ್. ಗ್ಯಾರೇಜಾದ್ರೆ ಪರವಾಗಿಲ್ಲ ಅಂತ ಗೀತಕ್ಕನೇ ಒಪ್ಪಿದ್ರು. ಹೇಳಿ ಅಕ್ಕಾ."

ಗೀತಾ ಹೌದೆಂದು ತಲೆಯಾಡಿಸಿದಳು.

"ಊಟದ ಹೊತ್ತು. ಒಂದು ದೋಸೆ ತಿನ್ನಿ ಮೇಡಂ," ಎಂದಳು ಗೀತಾ.

"ಅಂಗಡಿ ಹಿಟ್ಟು, ಬರೀ ಹುಳಿ," ಗುರುದತ್ ಗೊಣಗಿದ. "ಮೈಸೂರಿಂದ ಬ್ರಿಸ್ಬೇನ್‌ಗೆ, ಬ್ರಿಸ್ಬೇನಿಂದ ಇಲ್ಲಿಗೆ ಆ ಗ್ರೈಂಡರ್ ಹೊತ್ತುಕೊಂಡು ಬಂದಿದ್ದಷ್ಟೇ ಲಾಭ."

"ಅದು ಕೆಟ್ಟಿದೆ," ಗೀತಾ ಥಟ್ಟನೆ ಹೇಳಿದಳು.

* * *

ನಿಖತ್ ಮೊದಲು ಆದರ್ಶ್ ಕೋಣೆ ಜಾಲಾಡಿದಳು. ಪುಸ್ತಕ, ದುರ್ಬೀನು, ಒಗೆಯದ ಬಟ್ಟೆ. ಹಾವಿಲ್ಲ. ಆದರ್ಶ್ ಬಾಗಿಲಲ್ಲಿ ನಿಂತಿದ್ದ.

"ನನ್ನ ವೀಸಾ ಹೋಗುತ್ತಾ ಮೇಡಂ? ಥೀಸಿಸ್ ಕೊಡೋಕೆ ಇನ್ನು ಮೂರೇ ತಿಂಗಳು."

"ನೀವು ಸಾಕಿದ್ರ ಹೋಕ್ಕೈತಿ. ಸಾಕೀರೇನು?"

"ಇಲ್ಲ. ಸತ್ಯವಾಗ್ಲೂ ಇಲ್ಲ."

ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಖತ್ ಗ್ಯಾರೇಜಿಗೆ ನಡೆದಳು. ಫ್ರೀಜರಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಹಕ್ಕಿ ಆಸ್ಪತ್ರೆಯವರು ಕೊಟ್ಟದ್ದು, ಕಳೆದ ಒಂಬತ್ತು ವಾರದ ಲೆಕ್ಕ. ಎಷ್ಟು ಇಲಿ ಉಳಿದಿವೆ ಎಂದು ಆದರ್ಶ್ ದಿನವೂ ಮಲಗುವ ಮುಂಚೆ ಬರೆದಿದ್ದ. ಕೆಲವು ದಿನ ಲೆಕ್ಕದಲ್ಲಿ ಒಂದು ಕಡಿಮೆ. ಅಲ್ಲೆಲ್ಲ ಪ್ರಶ್ನೆ ಚಿಹ್ನೆ ಹಾಕಿದ್ದ.

ಏಳು ಪ್ರಶ್ನೆ ಚಿಹ್ನೆ. ಆರು ಗುರುವಾರ. ಒಂದು ಮಾತ್ರ ಶುಕ್ರವಾರ. ಕಳೆದ ಎರಡು ವಾರದಲ್ಲಿ ಒಂದೂ ಇಲ್ಲ.

ಅವಳು ಸುತ್ತ ನೋಡಿದಳು. ಬಟ್ಟೆ ಒಗೆಯುವ ಯಂತ್ರ. ಅದರ ಪಕ್ಕದ ಮೊಳೆಗೆ ತೂಗುಹಾಕಿದ ಅಡುಗೆಮನೆಯ ಇಕ್ಕಳ. ಮೂಲೆಯಲ್ಲಿ ಕಂಬಳಿ ಹೊದಿಸಿದ ಗ್ರೈಂಡರ್. ಕಂಬಳಿಯ ಅಡಿಯಿಂದ ಒಂದು ವೈರು ಹೊರಟು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಸ್ವಿಚ್ಚು ಆನ್ ಇತ್ತು.

ಕೆಟ್ಟ ಗ್ರೈಂಡರಿಗೆ ಕರೆಂಟು ಯಾಕೆ?

ಕೈ ಕಂಬಳಿಯವರೆಗೆ ಹೋಗಿ ನಿಂತಿತು. ಅವಳು ಅಡುಗೆಮನೆಗೆ ವಾಪಸು ಬಂದಳು. ಗೋಡೆಯ ಮೇಲೆ ಬೆಂಗಳೂರಿನ ಪಂಚಾಂಗದ ಕ್ಯಾಲೆಂಡರ್ ಇತ್ತು. ಒಂದು ಹಾಳೆ ಹಿಂದಕ್ಕೆ ಮಗುಚಿ ನೋಡಿದಳು. ಆಮೇಲೆ ಮೂವರನ್ನೂ ಗ್ಯಾರೇಜಿಗೆ ಕರೆದಳು.

* * *

"ಆದರ್ಶ್ ಹಾವು ಸಾಕಿಲ್ಲ," ಎಂದಳು ನಿಖತ್. "ತನ್ನ ಇಲಿ ತಾನಾ ತಗೊಂಡವ ಪ್ರಶ್ನೆ ಚಿಹ್ನೆ ಹಾಕೂದಿಲ್ಲ."

ಆದರ್ಶ್ ಉಸಿರು ಬಿಟ್ಟ.

"ಪೊರೆ ಮೂತಿಯಿಂದ ಬಾಲದ ತನಕ ಇಡಿಯಾಗಿ ಬಂದೈತಿ. ಕಣ್ಣಿನ ಮ್ಯಾಲಿನ ಪದರಾನೂ ಬಂದೈತಿ. ಆ ಕಪಾಟು ಬೆಚ್ಚಗೈತಿ ಖರೆ, ಆದ್ರ ಒಣ. ಒಣ ಜಾಗದಾಗ ಪೊರೆ ಚೂರುಚೂರಾಗಿ ಕಿತ್ತು ಬರ್ತೈತಿ. ಯಾರೋ ಪಂಚೆ ತೊಯ್ಸಿಟ್ಟು, ಆರದಂಗ ನೋಡ್ಕೊಂಡಾರ. ಪೊರೆ ಬಿಡೂ ಮುಂಚೆ ಹಾವಿನ ಕಣ್ಣು ಮಬ್ಬಾಗ್ತಾವು. ಆವಾಗ ತಿನ್ನಾಕ ಕೊಡಬಾರದು. ಅದೂ ಅವರಿಗೆ ಗೊತ್ತಿತ್ತು. ಅದಕ್ಕಾ ಎರಡು ವಾರದಿಂದ ಇಲಿ ಕಡಿಮೆ ಆಗಿಲ್ಲ."

"ಸರಿ, ಯಾರು ಮತ್ತೆ?" ಗುರುದತ್ ದನಿ ಏರಿತು.

"ಈ ಇಕ್ಕಳ ನೋಡ್ರಿ. ಸತ್ತ ಇಲಿ ಹಿಡಿದದ್ದು. ನೀವಾಗಿದ್ರ, ಆದರ್ಶ್ ಆಗಿದ್ರ, ತೊಳೆದು ವಾಪಸ್ ಅಡಿಗಿಮನ್ಯಾಗ ಇಡ್ತಿದ್ರಿ. ಇದನ್ನ ಹಿಡಿದವರಿಗೆ ಮತ್ತ ಒಲಿ ಹತ್ರ ಒಯ್ಯಾಕ ಮನಸ್ಸು ಬರಲಿಲ್ಲ."

ಗೀತಾ ಇಕ್ಕಳವನ್ನೇ ನೋಡುತ್ತಿದ್ದಳು.

"ಪ್ರತಿ ಗುರುವಾರ ಒಂದು ಇಲಿ. ಒಂದು ವಾರ ಮಾತ್ರ ಶುಕ್ರವಾರ. ಯಾಕ? ಕ್ಯಾಲೆಂಡರ್ ನೋಡಿದೆ. ಆ ಗುರುವಾರ ಏಕಾದಶಿ."

ಗುರುದತ್ ಬೆರಳು ಮಡಿಸಿ ವಾರ ಎಣಿಸಿದ.

"ರಾಣೆಬೆನ್ನೂರಾಗ ನಮ್ಮ ಪಕ್ಕದ ಮನಿ ರಾಘಮ್ಮ ಅಜ್ಜಿ ಏಕಾದಶಿ ದಿನ ಬೆಕ್ಕಿಗೂ ಹಾಲು ಹಾಕ್ತಿರಲಿಲ್ರಿ. ನಾವು ಕದ್ದು ಹಾಕ್ತಿದ್ವಿ." ನಿಖತ್ ಗ್ರೈಂಡರಿನ ಕಡೆ ತಿರುಗಿದಳು. "ಹಾವಿಗೂ ಏಕಾದಶಿ ಮಾಡಿಸಿದವರು ಈ ಮನ್ಯಾಗ ಒಬ್ಬರಾ ಇದ್ದಾರ. ಗೀತಕ್ಕಾರ, ಕಂಬಳಿ ನೀವಾ ತಗೀರಿ."

ಗುರುದತ್ ಹೆಂಡತಿಯ ಮುಖ ನೋಡಿದ. ಕಂಬಳಿ ತೆಗೆಯುವ ತನಕ ಅವನು ನಂಬಲಿಲ್ಲ.

ಗ್ರೈಂಡರಿನ ಅಡಿಗೆ ಸೊಂಟನೋವಿಗೆ ಬಳಸುವ ಕರೆಂಟಿನ ಬಿಸಿಪಟ್ಟಿ ಹಾಸಿತ್ತು. ಗುಂಡುಕಲ್ಲು ತೆಗೆದಿಟ್ಟಿದ್ದ ಪಾತ್ರೆಯಲ್ಲಿ, ಹಳೆ ಟವೆಲ್ಲಿನ ಮೇಲೆ, ತೋಳುದ್ದದ ಕಂದು ಹೆಬ್ಬಾವಿನ ಮರಿ ಸುತ್ತಿಕೊಂಡು ಮಲಗಿತ್ತು. ಆಸ್ಟ್ರೇಲಿಯಾದ್ದು. ವಿಷವಿಲ್ಲದ್ದು. ಪೊರೆ ಬಿಟ್ಟ ಮೈ ಈಗ ತಾನೇ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

"ಇದರೊಳಗೇ ಬಂದಿತ್ತು," ಎಂದಳು ಗೀತಾ. "ಬ್ರಿಸ್ಬೇನಲ್ಲಿ ಪ್ಯಾಕ್ ಮಾಡುವಾಗ ಸೇರ್ಕೊಂಡಿರಬೇಕು. ಇಲ್ಲಿಗೆ ಬಂದು ಇಡ್ಲಿಗೆ ರುಬ್ಬೋಣ ಅಂತ ಮುಚ್ಚಳ ತೆಗೆದೆ. ಕಡ್ಡಿ ಹಾಗಿತ್ತು. ಕೈ ಇಟ್ರೆ ಕೈಗೇ ಸುತ್ಕೊಳ್ತು."

"ಒಂದು ಫೋನ್ ಮಾಡಬೇಕಿತ್ತು, ಅಕ್ಕಾರ."

"ಡಯಲ್ ಮಾಡಿದೆ. ಅಷ್ಟರಲ್ಲಿ ನಿಮ್ಮ ವೆಬ್‌ಸೈಟ್ ಓದಿದೆ. ಸಾಯಿಸ್ತೀರ ಅಂತ ಗೊತ್ತಾಯ್ತು. ಫೋನ್ ಇಟ್ಟುಬಿಟ್ಟೆ." ಅವಳು ಟವೆಲ್ಲಿನ ಅಂಚು ಸರಿಮಾಡಿದಳು. "ಮನೆಗೆ ಬಂದ ನಾಗಪ್ಪನ್ನ ನಮ್ಮಲ್ಲಿ ಹೊಡೆಯಲ್ಲ. ದೀಪ ಹಚ್ಚಿ, ಕೈ ಮುಗಿದು, ಹೋಗಪ್ಪಾ ಅಂತೀವಿ. ಇಲ್ಲಿ ಎಲ್ಲಿಗೆ ಹೋಗು ಅನ್ನಲಿ? ಮೊದಲನೇ ವಾರ ಹಾಲಿಟ್ಟೆ. ಮೂಸಿಯೂ ನೋಡಲಿಲ್ಲ. ಆಮೇಲೆ ವಿಡಿಯೋ ನೋಡಿ ಕಲಿತೆ. ಇಲಿ ಮುಟ್ಟಿದ ದಿನ ಮೂರು ಸಲ ಸ್ನಾನ ಮಾಡಿದೀನಿ."

"ಇವತ್ತು?"

"ಪೊರೆ ಬಿಡೋವರೆಗೆ ಆ ಕಪಾಟಲ್ಲಿ ಇಟ್ಟಿದ್ದೆ. ಇವರು ಪ್ಲಂಬರಿಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಬೆಲ್ ಆಯ್ತು. ಇದನ್ನ ಎತ್ಕೊಂಡು ಇಲ್ಲಿಗೆ ಓಡಿದೆ. ಪಂಚೆಯೊಳಗೆ ಪೊರೆ ಇರೋದು ಕಾಣಲಿಲ್ಲ."

ಅವಳು ಆದರ್ಶ್ ಕಡೆ ತಿರುಗಿದಳು. "ಅನುಮಾನ ನಿನ್ನ ಮೇಲೆ ಬಂದಾಗ ಬಾಯಿ ಬಿಡಬೇಕಿತ್ತು ಕಣೋ. ಬಿಡಲಿಲ್ಲ. ಇನ್ನು ಒಂದು ಗಂಟೆ ಬದುಕಲಿ ಅಂತ ಸುಮ್ಮನಿದ್ದೆ. ತಪ್ಪಾಯ್ತು."

ಆದರ್ಶ್ "ಇರಲಿ ಬಿಡಿ ಅಕ್ಕಾ" ಎಂದ. ಆದರೆ ಅವಳ ಮುಖ ನೋಡಲಿಲ್ಲ. ಗುರುದತ್ ಒಗೆಯುವ ಯಂತ್ರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದ.

* * *

ನಿಖತ್ ಕಾರಿನಿಂದ ಬಿಳಿ ಪೆಟ್ಟಿಗೆ ತಂದಳು. ಗಂಡಸರಿಬ್ಬರೂ ಒಳಗೆ ಹೋಗಿದ್ದರು.

"ತಾನಾಗಿ ಬಂದದ್ದು ಅಂತ ಬರೀತೀನಿ. ಬಚ್ಚಿಟ್ಟದ್ದನ್ನೂ ಬರೀಬೇಕಾಗ್ತೈತಿ. ಮುಂದಿನದು ನನ್ನ ಕೈಯಾಗಿಲ್ಲ."

"ನನಗೇನಾದ್ರೂ ಆಗಲಿ." ಗೀತಾ ಪೆಟ್ಟಿಗೆಯನ್ನು ನೋಡಿದಳು. "ವಾಪಸ್ ಬ್ರಿಸ್ಬೇನಿಗೆ ಕಳಿಸೋಕೆ ಆಗಲ್ವಾ?"

"ಇಲ್ರಿ."

"ಆ ಮೊದಲನೇ ದಿನವೇ ನಿಮಗೆ ಹೇಳಿದ್ರೆ?"

ಹೇಳಿದ್ದರೂ ಅಷ್ಟೇ. ನಾಲ್ಕು ತಿಂಗಳು ಮೊದಲೇ ಮುಗಿದಿರುತ್ತಿತ್ತು. ನಿಖತ್ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಳು. ಗೀತಾಗೆ ಅರ್ಥವಾಯಿತು.

"ಎರಡು ವಾರದಿಂದ ಹೊಟ್ಟೆಗಿಲ್ಲ ಅದಕ್ಕೆ," ಎಂದಳು ನಿಧಾನವಾಗಿ. "ಪೊರೆ ಬಿಟ್ಟಮೇಲೆ ತುಂಬಾ ಹಸಿವಂತೆ. ಹಾಗೇ ಕರ್ಕೊಂಡು ಹೋಗ್ಬೇಡಿ. ಊಟ ಮಾಡಿಸಿ ಕಳಿಸ್ತೀನಿ."

ನಿಯಮದ ಪ್ರಕಾರ ಹಾವನ್ನು ಕಂಡ ಕ್ಷಣವೇ ವಶಕ್ಕೆ ತೆಗೆದುಕೊಳ್ಳಬೇಕು. ಆರೋಪಿಯ ಕೈಗೆ ಬಿಡುವ ಮಾತೇ ಇಲ್ಲ. ತಿಂದ ಹಾವನ್ನು ಸಾಗಿಸಬಾರದು, ದಾರಿಯಲ್ಲಿ ಕಕ್ಕುತ್ತದೆ. ಇದೆಲ್ಲ ಬದುಕುವ ಹಾವಿಗೆ ಬರೆದ ಮಾತು. ಸಂಜೆಯೊಳಗೆ ಮುಗಿಯಲಿದ್ದ ಹಾವಿಗೆ ಊಟವೂ ಬೇಡ ಎನ್ನಲು ನಿಖತ್‌ಗೆ ಬಾಯಿ ಬರಲಿಲ್ಲ.

"ಹೊಸಬರು ಎದುರಿಗಿದ್ರೆ ತಿನ್ನಲ್ಲ ಅದು," ಎಂದಳು ಗೀತಾ.

ನಿಖತ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು. ಗ್ಯಾರೇಜಿನ ಬಾಗಿಲು ಎಳೆದುಕೊಂಡಳು. ಒಳಗೆ ನಲ್ಲಿ ಬಿಟ್ಟ ಸದ್ದು. ಹೆಪ್ಪುಗಟ್ಟಿದ ಇಲಿಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸುತ್ತಿರಬೇಕು. ಆಮೇಲೆ ಗೀತಾ ಸಣ್ಣ ದನಿಯಲ್ಲಿ ಮಾತಾಡುವುದು ಕೇಳಿಸಿತು. ಮಕ್ಕಳಿಗೆ ತುತ್ತಿಡುವಾಗ ಆಡುವಂಥ ಮಾತು. ಹೊರಗೆ ಕಾಯುತ್ತಿದ್ದ ನಿಖತ್‌ಗೆ ಈ ಕೆಲಸ ಯಾಕಾದರೂ ಹಿಡಿದೆನೋ ಅನ್ನಿಸಿತು. ಇಷ್ಟು ಚೆನ್ನಾಗಿ ಪತ್ತೆ ಮಾಡಬಾರದಿತ್ತು ಎಂದೂ ಅನ್ನಿಸಿತು.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಗೀತಾ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ಮುಚ್ಚಳ ಭದ್ರವಾಗಿ ಹಾಕಿತ್ತು, ಒಳಗೆ ಮರಿ ಹೊರಳಿದ ಸದ್ದು ಕೇಳಿಸಿತು.

"ಪೂರ್ತಿ ತಿಂತು," ಎಂದಳು. "ಸ್ವಲ್ಪ ನಿಧಾನಕ್ಕೆ ಕಾರು ಓಡಿಸಿ ಮೇಡಂ. ಅಲುಗಾಡಿದ್ರೆ ಹೆದರ್ಕೊಳ್ಳುತ್ತೆ."

ನಿಖತ್ ಪೆಟ್ಟಿಗೆಯನ್ನು ಮುಂದಿನ ಸೀಟಿನ ಮೇಲಿಟ್ಟು ಬೆಲ್ಟು ಬಿಗಿದಳು. ಹೆದ್ದಾರಿಯಲ್ಲಿ ನೂರರ ಮಿತಿಯಿತ್ತು. ಅವಳು ಎಪ್ಪತ್ತರಲ್ಲೇ ಹೋದಳು. ಹಿಂದಿನವರು ಹಾರನ್ ಹೊಡೆದು, ದಾಟಿಕೊಂಡು ಮುಂದೆ ಹೋದರು.