ಅನುಸೂಯ ಬರೆದ ಷರಾ

ಢಂ!

ಬೈಕಿನ ಕನ್ನಡಿ ಪುಡಿಪುಡಿಯಾಯಿತು. ನನ್ನ ತಲೆ ಒಂದು ಗೇಣು ಬಲಕ್ಕಿದ್ದಿದ್ದರೆ ಈ ಕತೆ ನಿಮಗೆ ಬೇರೆ ಯಾರಾದರೂ ಹೇಳಬೇಕಾಗುತ್ತಿತ್ತು.

ಬೆಳಿಗ್ಗೆ ಹನ್ನೊಂದು ಗಂಟೆ. ದುರ್ಗದಿಂದ ಹೊಳಲ್ಕೆರೆಗೆ ಹೋಗುವ ರೋಡು. ಹಾಡಹಗಲು! ಹಿಂದೆ ಬಿಳಿ ಜೀಪು. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದರಲ್ಲಿ ಪಿಸ್ತೂಲು... ಮಲ್ಲೇಶ. ನನ್ನ ಅಂಗಿಯೊಳಗೆ ಒಂದು ದಪ್ಪ ರಿಜಿಸ್ಟರ್.

ಹೌದು ಸ್ವಾಮಿ, ಒಂದು ಪುಸ್ತಕಕ್ಕೆ ಇಷ್ಟೆಲ್ಲ! ನಗಬೇಡಿ.

"ಲೇ ಜಂಪಣ್ಣ! ಪುಸ್ತಕ ಬಿಸಾಕಲೇ! ಜೀವ ಉಳೀತೈತೆ!"

"ತಾಕತ್ತಿದ್ರೆ ಬಂದು ಇಸ್ಕಳಲೇ!"

ಮುಂದೆ ರೈಲ್ವೆ ಗೇಟು ಬೀಳುತ್ತಿತ್ತು. ತಲೆ ತಗ್ಗಿಸಿ ನುಗ್ಗಿದೆ. ಗೇಟಿನ ಕಂಬಿ ಬೆನ್ನು ಸವರಿತು. ಹಿಂದೆಯೇ ಗೂಡ್ಸ್ ಗಾಡಿ ಬಂತು... ಅರವತ್ತು ಡಬ್ಬಿ! ಮಲ್ಲೇಶ ಆಚೆಗೇ ಉಳಿದ.

ಈಗ ಹೇಳುತ್ತೇನೆ ಕೇಳಿ. ಹನ್ನೆರಡು ವರ್ಷ ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡಿದವನು ನಾನು. ಒಬ್ಬ ಸಾಹೇಬರ ಎರಡು ಹಲ್ಲು ಉದುರಿಸಿದೆ, ಮನೆಗೆ ಕಳಿಸಿದರು. ಈಗ ಸಿಕ್ಕಿಬಿದ್ದವರನ್ನು ಬಿಡಿಸುತ್ತೇನೆ. ಹೇಗೆ ಅಂತ ಮಾತ್ರ ಕೇಳಬಾರದು.

ಈ ಸಲ ಸಿಕ್ಕಿಬಿದ್ದವನು ತಿಪ್ಪಯ್ಯ. ಹೊಸದುರ್ಗದ ಕಡೆ ಮಾಡದಕೆರೆಯವನು. ವಯಸ್ಸು ಎಪ್ಪತ್ತೆರಡು. ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಲೈಸೆನ್ಸ್ ಬಂದೂಕು ಇಟ್ಟುಕೊಂಡಿದ್ದ. ಎಲೆಕ್ಷನ್ ಬಂದರೆ ಅಂಥವರೆಲ್ಲ ಬಂದೂಕನ್ನು ಠಾಣೆಗೋ ಡೀಲರ್ ಅಂಗಡಿಗೋ ಡಿಪಾಸಿಟ್ ಮಾಡಬೇಕು. ತಿಪ್ಪಯ್ಯ ದುರ್ಗದ ಡೀಲರ್ ಶಿವಕುಮಾರಪ್ಪನ ಅಂಗಡಿಗೆ ಕೊಟ್ಟ. ಎಲೆಕ್ಷನ್ ಮುಗೀತು. ಮೇ ಹದಿನೈದರಿಂದ ಬಂದೂಕು ವಾಪಸ್ ಕೊಡೋದು ಶುರುವಾಯಿತು.

ಹದಿನೆಂಟಕ್ಕೆ ಒಂದು ಹೆಣ ಬಿತ್ತು!

ಹಿರಿಯೂರು ತಾಲ್ಲೂಕಿನ ಆದಿವಾಲದ ಹತ್ತಿರ. ಸತ್ತವನು ಶ್ರೀನಿವಾಸ್, ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನ್ ಕಂಪನಿಗಳಿಗೆ ಜಮೀನು ಕೊಡಿಸುವ ಬ್ರೋಕರ್. ಪಕ್ಕದಲ್ಲೇ ತಿಪ್ಪಯ್ಯನ ಬಂದೂಕು ಬಿದ್ದಿತ್ತು. ಹಿಂದಿನ ತಿಂಗಳಷ್ಟೇ ಮುದುಕ ಸಂತೆಯಲ್ಲಿ ನಿಂತು, "ನನ್ನ ಹೊಲಕ್ಕೆ ಕಾಲಿಟ್ರೆ ಸುಟ್ಟು ಹಾಕ್ತೀನಿ" ಅಂತ ಶ್ರೀನಿವಾಸನಿಗೆ ಕೂಗಿದ್ದ. ಇನ್ನೇನು ಬೇಕು?

"ಹದಿನೇಳಕ್ಕೇ ಬಂದು ತಗಂಡೋದ್ನಲ್ರೀ!" ಅಂದ ಶಿವಕುಮಾರಪ್ಪ. "ರಿಜಿಸ್ಟರ್ ನೋಡ್ರಿ!"

"ನಾನು ಹೋಗೇ ಇಲ್ಲ ಸಾಮಿ! ಜ್ವರ ಬಂದು ಮಲಗಿದ್ದೆ!" ಅಂದ ತಿಪ್ಪಯ್ಯ.

ಯಾರ ಮಾತು ನಡೆಯುತ್ತದೆ? ಪುಸ್ತಕದ ಮಾತು!

ಪುಸ್ತಕ ಏನು ಹೇಳುತ್ತಿತ್ತು? ಹದಿನಾರರ ಸಾಲಿನಲ್ಲಿ, ತಿಪ್ಪಯ್ಯನ ಬಂದೂಕಿನ ನಂಬರಿನ ಎದುರು, ಟಿಪ್ಪಣಿ ಬರೆಯುವ ಷರಾ ಕಲಂನಲ್ಲಿ ಕ್ಲರ್ಕ್ ಅನುಸೂಯಳ ದುಂಡು ಅಕ್ಷರ: 'ಹೆಚ್ಚಿದೆ'. ಅಂದರೆ ಯಾರೂ ಒಯ್ಯದೆ ಒಂದು ಬಂದೂಕು ಹೆಚ್ಚಾಗಿ ಉಳಿದಿದೆ. ಹದಿನೇಳರ ಸಾಲಿನಲ್ಲಿ ಶಿವಕುಮಾರಪ್ಪನ ಗೀಚು: 'ವಾಪಸ್ ಕೊಟ್ಟಿದೆ'. ಪಕ್ಕದಲ್ಲೊಂದು ಸೊಟ್ಟ ಸಹಿ. ಎಲ್ಲರೂ ಹಾಗೇ ಓದಿದರು. ನಾನೂ ಹಾಗೇ ಓದಿದೆ.

ಅವತ್ತು ಮಧ್ಯಾಹ್ನ ಮೂರಕ್ಕೆ ತಿಪ್ಪಯ್ಯನನ್ನು ಹಿರಿಯೂರು ಕೋರ್ಟಿಗೆ ತರುವವರಿದ್ದರು. ಜೈಲಿಗೆ ಹೋದರೆ ಮುದುಕ ಹೆಣವಾಗಿಯೇ ಹೊರಗೆ ಬರುವುದು. ಅವನ ಮಗಳು ಯಶೋಧಾ ನನ್ನ ಕಾಲು ಹಿಡಿದುಕೊಂಡು ಬಿಡಲೇ ಇಲ್ಲ.

ಅದಕ್ಕೇ ಅಂಗಡಿಗೆ ನುಗ್ಗಿ ರಿಜಿಸ್ಟರ್ ಎತ್ತಿಕೊಂಡು ಓಡಿದೆ. ಸುಟ್ಟುಹಾಕಲು! ಮಲ್ಲೇಶ ಶಿವಕುಮಾರಪ್ಪನ ಭಾಮೈದ. ಪುಸ್ತಕ ಹೋದರೆ ಅವರ ಬಾಯಿ ಬಿದ್ದುಹೋಗುತ್ತದೆ, ಅದಕ್ಕೇ ಬೆನ್ನು ಹತ್ತಿದ.

ಆದರೆ ಪೊಲೀಸರ ಹತ್ತಿರ ಝೆರಾಕ್ಸ್ ಇತ್ತು. ಬರೀ ಸುಟ್ಟರೆ ಸಾಲದು. ಬರೆದವಳೇ ತಪ್ಪು ಬರೆದಿದ್ದಳು ಅನ್ನಿಸಬೇಕು. ಆಗ ಇಡೀ ಪುಸ್ತಕವನ್ನೇ ಯಾರೂ ನಂಬುವುದಿಲ್ಲ. ಅನುಸೂಯ ಬದುಕಿರಲಿಲ್ಲ. ಇಪ್ಪತ್ತನೇ ತಾರೀಖು ಅವಳ ಸ್ಕೂಟಿಗೆ ಯಾವುದೋ ಗಾಡಿ ಗುದ್ದಿ ಹೋಗಿತ್ತು. ಇದ್ದವಳು ತಾಯಿ ದ್ಯಾಮಮ್ಮ ಒಬ್ಬಳೇ.

ಹೊಳಲ್ಕೆರೆಯ ಅವಳ ಮನೆಗೆ ನುಗ್ಗಿದವನೇ ಕಾಗದ ಚಾಚಿದೆ.

"ನಿನ್ನ ಮಗಳು ಲೆಕ್ಕ ತಪ್ಪು ಬರೀತಿದ್ಲು ಅಂತ ಇದ್ರಲ್ಲೈತೆ. ಹೆಬ್ಬೆಟ್ಟು ಒತ್ತಮ್ಮ."

"ನನ್ನ ಮಗಳು ತಪ್ಪು ಬರೆಯೋಳಲ್ಲಪ್ಪ."

"ಸತ್ತೋಳಿಗೆ ಮಾನ ಯಾಕಮ್ಮ? ಬದುಕಿರೋನು ಒಬ್ಬ ಉಳೀಲಿ. ಒತ್ತು!"

ಹಾಗೇ ಅಂದೆ. ಥೂ, ನನ್ನ ನಾಲಿಗೆಗೆ ಹುಳ ಬೀಳ! ಮುದುಕಿ ಒಲೆಯ ಕಡೆ ತಿರುಗಿದಳು. ಒಲೆಯ ಮೇಲೆ ಪಾತ್ರೆ ತುಂಬ ನೀರು ಕುದಿಯುತ್ತಿತ್ತು.

"ಮನೆಗೆ ಬಂದೋನು ಮೊದ್ಲು ಚಾ ಕುಡಿ. ಬೆಲ್ಲ ಹೆಚ್ಚೈತೆ, ಅಂಗಡಿಗೋಗಿ ತರ್ತೀನಿ."

ರಿಜಿಸ್ಟರನ್ನು ಒಲೆಗೆ ತುರುಕಲು ಬಗ್ಗಿದವನು ನಿಂತೆ.

"ಹೆಚ್ಚಿದ್ರೆ ಮತ್ಯಾಕೆ ತರಾಕೋಗ್ತೀಯಮ್ಮ?"

"ಅಯ್ಯ! ಮನೇಲಿ 'ಇಲ್ಲ' ಅಂತ ಅನ್ಬಾರ್ದು ಕಣಪ್ಪ. ಬಳೆ ಒಡೆದ್ರೂ ಹೆಚ್ತು, ಅಕ್ಕಿ ಮುಗುದ್ರೂ ಹೆಚ್ತು. ನಿಮ್ಮವ್ವ ಹೇಳಿಕೊಡ್ಲಿಲ್ವಾ? ನನ್ನ ಅನುಸೂಯನೂ ಹಂಗೇ... ಒಂದಿನ ಬಾಯಲ್ಲಿ 'ಇಲ್ಲ' ಅಂದೋಳಲ್ಲ."

ಅವಳು ಹಿತ್ತಲ ಬಾಗಿಲಿಂದ ಹೋದಳು.

ಪುಟ ತಿರುವಿದೆ. ಫೆಬ್ರವರಿ: 'ಕಾಡತೂಸು ಹೆಚ್ಚಿದೆ'. ಕೆಳಗಿನ ಸಾಲಿನಲ್ಲೇ ಹೊಸ ಕಾಡತೂಸಿಗೆ ಆರ್ಡರ್! ಮಾರ್ಚಿನಲ್ಲೂ ಹಾಗೇ. ಏಪ್ರಿಲ್‌ನಲ್ಲೂ ಹಾಗೇ! ಅನುಸೂಯಳಿಗೆ ಹೆಚ್ಚಿದೆ ಅಂದರೆ ಖಾಲಿ. ಬಂದೂಕು ಹದಿನಾರನೇ ತಾರೀಖಿಗೇ ಅಂಗಡಿಯಲ್ಲಿ ಇರಲಿಲ್ಲ!

ಇಲ್ಲದ ಬಂದೂಕನ್ನು ಹದಿನೇಳಕ್ಕೆ ಹೇಗೆ ವಾಪಸ್ ಕೊಟ್ಟೆಯೋ ಶಿವಕುಮಾರಪ್ಪಾ?

ಮುದುಕನನ್ನು ಉಳಿಸುವ ಒಂದೇ ಒಂದು ಸಾಲನ್ನು ನಾನೇ ಒಲೆಗೆ ಹಾಕುತ್ತಿದ್ದೆ.

ಹೊರಗೆ ಜೀಪು ನಿಂತ ಸದ್ದು. ಬಾಗಿಲಲ್ಲೇ ನಿಲ್ಲಿಸಿದ್ದ ನನ್ನ ಬೈಕು ದಾರಿ ತೋರಿಸಿತ್ತು. ಜೇಬಿನಲ್ಲಿದ್ದ ಫೋನಿನ ರೆಕಾರ್ಡಿಂಗ್ ಒತ್ತಿದೆ. ಬಾಗಿಲು ಒದ್ದುಕೊಂಡು ಮಲ್ಲೇಶ ಬಂದ. ಪಿಸ್ತೂಲು ನನ್ನ ಹಲ್ಲಿಗೆ ತಾಗಿತು. ರಕ್ತದ ರುಚಿ.

"ಕೊಡಲೇ ಪುಸ್ತಕ!"

"ಕೊಡ್ತೀನಿ... ಒಂದು ಹೇಳು. ಹದಿನಾರಕ್ಕೆ ಬಂದೂಕು ಎಲ್ಲಿತ್ತಲೇ?"

"ನನ್ನ ಜೀಪ್ನಾಗಿತ್ತು! ಏನೀಗ? ಶ್ರೀನಿವಾಸ ನಮ್ಮ ಜಮೀನಿಗೇ ಅಡ್ಡ ಬಂದ. ಮುಗಿಸಿದೆ. ಕೇಸು ಮುದುಕನ ತಲೆಗೆ ಕಟ್ಟಿದ್ವಿ."

"ಅನುಸೂಯ?"

"ಅವಳಾ?" ನಕ್ಕ. "ಕೊಲೆ ಸುದ್ದಿ ಕೇಳಿ ಸ್ಟೇಷನ್ನಿಗೋಗ್ತೀನಿ ಅಂತ ಭಾವನ ಮುಂದೆ ಹಾರಾಡಿದ್ಲು. ಸ್ಕೂಟಿಗೆ ಒಂದೇ ಏಟು. ಕೂಗೋಕೂ ಬಿಡ್ಲಿಲ್ಲ!"

ಹಿತ್ತಲ ಬಾಗಿಲಲ್ಲಿ ದ್ಯಾಮಮ್ಮ ನಿಂತಿದ್ದಳು. ಸೆರಗಿನಲ್ಲಿ ಬೆಲ್ಲ. ಅದನ್ನು ನಿಧಾನವಾಗಿ ಮಣೆಯ ಮೇಲೆ ಇಟ್ಟಳು. ಎರಡು ಕೈಗೂ ಸೆರಗು ಸುತ್ತಿ ಒಲೆಯಿಂದ ಪಾತ್ರೆ ಎತ್ತಿದಳು.

"ಏನಪ್ಪ, ಇತ್ಲಾಗ್ ನೋಡು."

ಅವನು ತಿರುಗಿದ.

ಪೂರ್ತಿ ಪಾತ್ರೆ! ಮುಖದ ಮೇಲೆ!

ಪಿಸ್ತೂಲು ಬಿತ್ತು. ಅದನ್ನು ತಡಕುತ್ತಿದ್ದ ಅವನ ಬೆರಳುಗಳ ಮೇಲೆ ನಾನು ಬೂಟುಗಾಲು ಊರಿದೆ. ಮೂರು ಮುರಿದವು. ಎಣಿಸಿದ್ದೇನೆ. ಮಲ್ಲೇಶ ನೆಲಕ್ಕೆ ಬಿದ್ದು ಅರಚುತ್ತಿದ್ದ. ದ್ಯಾಮಮ್ಮ ಅವನ ಪಕ್ಕದಲ್ಲೇ ಕುಂತಳು.

"ನನ್ನ ಮಗಳು ಕೂಗಲಿಲ್ವಂತೆ," ಅಂದಳು. "ನೀನು ಕೂಗು. ಇನ್ನೂ ಕೂಗು."

ಹತ್ತು ನಿಮಿಷ ಕೂಗಿದ. ನಾನು ತಡೆಯಲಿಲ್ಲ. ಖುಷಿಯಾಯಿತು ಅಂತಲೇ ಹೇಳುತ್ತೇನೆ, ಏನು ಬೇಕಾದರೂ ಅಂದುಕೊಳ್ಳಿ.

ಅವನ ಜೀಪಿನಲ್ಲೇ ಅವನನ್ನು ಕಟ್ಟಿಹಾಕಿ, ಮುದುಕಿಯನ್ನು ಮುಂದೆ ಕೂರಿಸಿಕೊಂಡು ಹಿರಿಯೂರಿಗೆ ಹಾರಿಸಿದೆ. ಕೋರ್ಟಿನ ಮುಂದೆ ಇಳಿದಾಗ ಎರಡೂಮುಕ್ಕಾಲು. ಇನ್ಸ್‌ಪೆಕ್ಟರ್ ರೆಕಾರ್ಡಿಂಗ್ ಕೇಳಿದರು; ಮಲ್ಲೇಶನ ಮಾತು ಮುಗಿದಲ್ಲಿಗೇ ನಾನು ನಿಲ್ಲಿಸಿಬಿಟ್ಟೆ. ರಿಜಿಸ್ಟರಿನ ನಾಲ್ಕೂ 'ಹೆಚ್ಚಿದೆ' ಸಾಲಿನ ಮೇಲೆ ಬೆರಳಿಟ್ಟು ಓದಿದರು. ಶಿವಕುಮಾರಪ್ಪನನ್ನು ಎತ್ತಿಕೊಂಡು ಬರಲು ದುರ್ಗಕ್ಕೆ ಫೋನು ಹೋಯಿತು. ತಿಪ್ಪಯ್ಯ ಬೇವಿನ ಮರದ ಕೆಳಗೆ ಕುಸಿದು ಕೂತು ಮಗಳನ್ನು ತಬ್ಬಿಕೊಂಡು ಗೊಳೋ ಅಂತ ಅತ್ತ.

ಆಮೇಲೆ ಇನ್ಸ್‌ಪೆಕ್ಟರ್ ಜೀಪಿನೊಳಗೆ ಬಗ್ಗಿದರು. ಮಲ್ಲೇಶನ ಮುಖ ನೋಡಿ ಹಿಂದೆ ಸರಿದರು.

"ಥೋ! ಇದ್ಯಾರ್ರೀ ಮಾಡಿದ್ದು?"

ದ್ಯಾಮಮ್ಮ ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿದೆ.

"ಅವನೇ ಚಾ ಮಾಡಾಕೋಗಿದ್ದ ಸಾರ್... ಗಂಡಸ್ರಿಗೆ ಅಡಿಗೆಮನೆ ವಿಷಯ ಎಲ್ಲಿ ತಿಳೀತೈತೆ!"