ಅಮ್ಮನ ಚಪ್ಪಲಿ ಮತ್ತು ಹೊಸ ಬ್ರೇಕ್

“ಅಮ್ಮಾ, ಬ್ರೇಕ್!”

ಸ್ಕೂಲಿನಿಂದ ಮನೆಗೆ ಹೊರಟಿದ್ದ ಫಿಯೆಟ್ ಕಾರು ಜಗ್ಗಿ ನಿಂತಿತು. ಎದುರಿನ ಬಾಳೆಹಣ್ಣಿನ ಕೈಗಾಡಿಗೂ ಬಂಪರಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು, ಅಷ್ಟೆ. ಗಾಡಿಯವನು ಮರಾಠಿಯಲ್ಲಿ ಬೈದ. ಅಮ್ಮ ಕಾರನ್ನು ಮೆಲ್ಲಗೆ ರಸ್ತೆ ಬದಿಗೆ ತಂದಳು.

“ಸಾಕು ನಿಶ್ಮಿ. ನನಗೆ ಇನ್ನು ಓಡಿಸ್ಲಿಕ್ಕೆ ಆಗುದಿಲ್ಲ. ಮಾರಿ ಬಿಡುವ ಇದನ್ನು.”

ನಿಶ್ಮಿತಾ ಅಮ್ಮನ ಕಡೆ ತಿರುಗಿದಳು. ಮಾರುವುದೇ? ದಿನಾ ಬೆಳಿಗ್ಗೆ, ಮುಂಬಯಿ ಪಕ್ಕದ ಈ ಡೊಂಬಿವಲಿ ಊರು ಇನ್ನೂ ಆಕಳಿಸುತ್ತಿರುವ ಹೊತ್ತಿಗೆ ಈ ಕಾರಿನಲ್ಲೇ ಅವಳು ಸ್ಕೂಲಿಗೆ ಹೋಗುವುದು. ಗಾಜಿಗೆ ಹಣೆ ಒತ್ತಿದರೆ ಸಾಕು, ಕಾರು ದೋಣಿಯಾಗುತ್ತಿತ್ತು. ಫ್ಯಾಕ್ಟರಿಗಳ ಬಿಳಿ ಹೊಗೆ ಮೋಡವಾಗುತ್ತಿತ್ತು. ಸ್ಕೂಲ್ ಬಸ್ಸಿನ ಗಲಾಟೆಯಲ್ಲಿ ಇಂಥ ಕನಸು ಕಾಣುವುದು ಹೇಗೆ?

ಹಳೇ ಬ್ರೇಕ್ ತೆಗೆಸಿ ಹೊಸ ಪವರ್ ಬ್ರೇಕ್ ಹಾಕಿಸಿದ ಮೇಲೆಯೇ ಅಮ್ಮನಿಗೆ ಈ ಹೆದರಿಕೆ ಶುರುವಾದದ್ದು. ಅದನ್ನು ಹಾಕಿದ ಯಂಕಣ್ಣನ ಗ್ಯಾರೇಜ್ ಮುಂದಿನ ತಿರುವಿನಲ್ಲೇ ಇತ್ತು. ಅಮ್ಮ ಕಾರನ್ನು ಆಮೆಯ ಹಾಗೆ ಅಲ್ಲಿಗೆ ತಂದಳು.

ರಾಯಚೂರಿನ ಯಂಕಣ್ಣ ಚಪ್ಪಲಿ ಹೊರಗೆ ಬಿಟ್ಟು, ಸ್ಟೇರಿಂಗಿಗೆ ಕೈಮುಗಿದು, ಒಂದು ಸುತ್ತು ಹೊಡೆದು ಬಂದ.

“ಬ್ರೇಕ್ ಭಾಳ ಚಲೋ ಐತ್ರಿ ಅಕ್ಕಾರ. ಬೆಣ್ಣಿ ಆಗೇತಿ!”

“ಹಾಗಾದ್ರೆ ತಪ್ಪು ನನ್ನದೇ,” ಎಂದಳು ಅಮ್ಮ. ಅವಳ ಮುಖ ಸಪ್ಪಗಾಯಿತು. “ಯಾರಾದ್ರೂ ತಗೊಳ್ಳುವವರು ಇದ್ರೆ ಹೇಳಿ ಯಂಕಣ್ಣ.”

ನಿಶ್ಮಿತಾ ನೆಲದ ಮೇಲಿದ್ದ ಯಂಕಣ್ಣನ ಚಪ್ಪಲಿಗಳನ್ನೇ ನೋಡುತ್ತಿದ್ದಳು. ಪಾಪ, ಅವು ಯಾವತ್ತೂ ಕಾರಿನ ಒಳಗೆ ಕೂತೇ ಇಲ್ಲವೇನೋ. ಹಾಗೆ ಯೋಚಿಸುತ್ತಿದ್ದವಳು ತಟ್ಟನೆ ತಲೆ ಎತ್ತಿದಳು.

“ಅಂಕಲ್, ಬ್ರೇಕ್ ಹಾಕಿದ ದಿನವೂ ನೀವು ಬರಿಗಾಲಲ್ಲೇ ಓಡಿಸಿದ್ದಾ?”

“ಹೂಂ ಮತ್ತ. ಗಾಡಿಯೊಳಗ ಚಪ್ಪಲಿ ಹಾಕ್ಕೊಂಡು ಕುಂದರಬಾರದವ್ವ.”

“ಅಮ್ಮ ಚಪ್ಪಲಿ ಹಾಕಿಯೇ ಓಡಿಸುದು. ದಪ್ಪದ್ದು!”

ಯಂಕಣ್ಣ ಅಮ್ಮನ ಚಪ್ಪಲಿಯತ್ತ ನೋಡಿದ. ಅಮ್ಮನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ತಾನು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು, “ಹಾಂ, ಈಗ ಬ್ರೇಕ್ ಹಿಡೀರಿ,” ಎಂದ. ಅಮ್ಮನ ಕಾಲು ಆಕ್ಸಿಲರೇಟರಿನಿಂದ ಮೇಲೆದ್ದಿತು. ಚಪ್ಪಲಿಯ ತುದಿ ಬ್ರೇಕ್ ಪೆಡಲಿನ ಅಡಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಂಡು ಒತ್ತುವಷ್ಟರಲ್ಲಿ ತಡವಾಗಿ, ಅವಳು ಗಾಬರಿಯಿಂದ ಜೋರಾಗಿ ತುಳಿದುಬಿಟ್ಟಳು.

ಯಂಕಣ್ಣ ನಾಲಗೆ ಕಚ್ಚಿಕೊಂಡ. “ತಪ್ಪು ನಂದರಿ ಅಕ್ಕಾರ. ಹೊಸಾ ಪೆಡಲ್ ಮ್ಯಾಲೆ ನಿಂತೈತಿ. ಬರಿಗಾಲಿಗೆ ಗೊತ್ತಾಗಂಗಿಲ್ಲ.”

ಅವನು ನಟ್ ತಿರುಗಿಸುವ ಪಾನಾ ಹಿಡಿದು ಡ್ಯಾಶ್‌ಬೋರ್ಡಿನ ಅಡಿ ಅಂಗಾತ ಮಲಗಿದ. ಪೆಡಲಿನ ಹಿಂದಿನ ನಟ್ ಸಡಿಲಿಸಿ, ರಾಡನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಪೆಡಲನ್ನು ಇಳಿಸಿದ. ಬೆರಳಿನಿಂದ ಅದನ್ನು ಅಲ್ಲಾಡಿಸಿ ನೋಡಿದ. “ಚೂರು ಆಟ ಇರಬೇಕವ್ವ. ಇಲ್ಲಂದ್ರ ಬ್ರೇಕ್ ಹಿಡಕೊಂಡೇ ಇರ್ತದ.”

ಆಮೇಲೆ ಅಮ್ಮ ಒಬ್ಬಳೇ ಒಂದು ಸುತ್ತು ಹೋಗಿ ಬಂದಳು. ಎಲ್ಲಿಯೂ ಕಾರು ಜಗ್ಗಲಿಲ್ಲ. “ನನ್ನಿಂದ ಆಗುದಿಲ್ಲ ಅಂತಲೇ ತಿಳ್ಕೊಂಡಿದ್ದೆ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಶ್ಮಿತಾ ಕುಣಿಯುತ್ತಾ ಕಾರು ಹತ್ತಿದಳು.

ಹಿಂತಿರುಗುವಾಗ ಅವರ ಗಲ್ಲಿ ಬಂತು. ಅಮ್ಮ ಕಾರನ್ನು ತಿರುಗಿಸಲೇ ಇಲ್ಲ.

“ಅಮ್ಮಾ, ನಮ್ಮ ಸೊಸೈಟಿ ಬಿಲ್ಡಿಂಗ್ ಹಿಂದೆ ಹೋಯ್ತು!”

“ಗೊತ್ತುಂಟು ಮಾರಾಯ್ತಿ. ಆಚೆ ಊರು ಬದಲಾಪುರದವರೆಗೆ ಹೋಗಿ ಬರುವ.”

“ಎಂತಕ್ಕೆ?”

“ಸುಮ್ಮನೆ.”

ಅಮ್ಮ ಏನೋ ಗುನುಗತೊಡಗಿದಳು. ಕಣ್ಣು ರಸ್ತೆಯ ಮೇಲಿದ್ದರೂ ಮುಖದಲ್ಲಿ ನಿಶ್ಮಿತಾ ಎಂದೂ ನೋಡದ ನಗುವೊಂದಿತ್ತು. ಈ ಕಾರಿನಲ್ಲಿ ಕನಸು ಕಾಣುವವಳು ತಾನೊಬ್ಬಳೇ ಎಂದು ಈವರೆಗೆ ಅಂದುಕೊಂಡಿದ್ದಳು ಮಗಳು.

ನಿಶ್ಮಿತಾ ಅಮ್ಮನನ್ನು ಮಾತಾಡಿಸದೆ, ತನ್ನ ಕಡೆಯ ಗಾಜನ್ನು ಮೆಲ್ಲಗೆ ಇಳಿಸಿದಳು.