ಕೋ ಮೇಡಂ ಅಂಟಿಸಿದ ಚೀಟಿ

ಬೆರಳಗಲದ ಒಂದು ಬಿಳಿ ಚೀಟಿ ಮನುಷ್ಯನೊಬ್ಬನ ಹತ್ತೊಂಬತ್ತು ವರ್ಷಗಳ ಮಾನ ಕಳೆಯಬಲ್ಲದು ಎಂಬ ವಿಷಯವನ್ನು ಲೋಕ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ. ತೈನಾನ್‌ನ ನಕ್ಷೆ ಕಂಪನಿಯೊಂದರ ಸರ್ವರ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದ್ದ ತು ವೆನ್-ಪಿನ್ ಮಾತ್ರ ತೆಗೆದುಕೊಂಡಿದ್ದ.

ಆ ಕೋಣೆಯ ಸರ್ವರ್ ಒಂದರಲ್ಲೇ ಸುತ್ತಲಿನ ಏಳು ಪಟ್ಟಣಗಳ ಜಮೀನು ನಕ್ಷೆಗಳೆಲ್ಲ ಇದ್ದವು. ಹನ್ನೆರಡು ಡಿಸ್ಕುಗಳು, ಹನ್ನೆರಡು ಖಾನೆಗಳು. ಡಿಸ್ಕಿನ ನಂಬರು ಅದರ ಮೈಮೇಲೆ ಅಚ್ಚಾಗಿರುತ್ತದೆ. ಎಳೆದು ಹೊರಗೆ ತೆಗೆಯದೆ ಕಾಣುವುದಿಲ್ಲ. ಯಾವುದು ಕೆಟ್ಟಿದೆ ಎಂದು ತೋರಿಸುವ ಪುಟ್ಟ ದೀಪಗಳು ಹಿಂದೊಮ್ಮೆ ಭೂಕಂಪವಾದಾಗ ಕಣ್ಣು ಮುಚ್ಚಿದವು ಮತ್ತೆ ತೆರೆಯಲಿಲ್ಲ. ಆದರೇನು, ಯಾವ ನಂಬರು ಯಾವ ಖಾನೆಯಲ್ಲಿದೆ ಎಂಬುದು ತುವಿನ ತಲೆಯಲ್ಲಿತ್ತು, ಆ ತಲೆಯಲ್ಲಿ ಮಾತ್ರ ಇತ್ತು. ಬೇಕಾದವರು "ತು ಅಣ್ಣಾ" ಎನ್ನುತ್ತ, ಕೈಯಲ್ಲೊಂದು ಚಹಾದ ಲೋಟ ಹಿಡಿದು ಬರಬೇಕಿತ್ತು. "ಕಣ್ಣಿಗೆ ಬಟ್ಟೆ ಕಟ್ಟಿ, ಆಗಲೂ ಹೇಳ್ತೀನಿ" ಎಂದು ಅವನು ಹೇಳದ ವಾರವಿರಲಿಲ್ಲ.

ಚಳಿಗಾಲ ಕಳೆಯುತ್ತಲೇ ಕೋ ಯೀ-ಚುನ್ ಎಂಬ ಮೂವತ್ತಮೂರರ ಹೆಂಗಸು ವಿಭಾಗದ ಮುಖ್ಯಸ್ಥೆಯಾಗಿ ಬಂದಳು. ಅವಳು ಕೂತದ್ದು ತು ತನ್ನದೇ ಎಂದುಕೊಂಡಿದ್ದ ಕುರ್ಚಿಯಲ್ಲಿ. ಅದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದನೇನೋ; ಆದರೆ ಆಕೆ ಬರುವಾಗ ಚೀಟಿ ಅಚ್ಚುಹಾಕುವ ಒಂದು ಪುಟ್ಟ ಯಂತ್ರವನ್ನೂ ತಂದಿದ್ದಳು. ಒಂದೇ ವಾರದಲ್ಲಿ ಸ್ವಿಚ್ಚಿಗೆ, ಕೆಟಲ್ಲಿಗೆ, ಪೊರಕೆಗೆ ಚೀಟಿ ಬಿತ್ತು. ಸರ್ವರ್ ಹಟ ಮಾಡದೆ ಜಾಣನಂತಿರಲಿ ಎಂದು ಅದರ ನೆತ್ತಿಯ ಮೇಲೆ ಇಡುವ, ಯಾರೂ ತಿನ್ನಕೂಡದ, ತೆಂಗಿನ ಕುರುಕಲಿನ ಹಸಿರು ಪೊಟ್ಟಣಕ್ಕೂ 'ಬದಲಿಸುವ ದಿನ' ಎಂಬ ಚೀಟಿ ಬಿತ್ತು. ಕೊನೆಗೆ ಹನ್ನೆರಡು ಖಾನೆಗಳ ಹಿಡಿಗಳ ಮೇಲೆ ಹನ್ನೆರಡು ನಂಬರುಗಳು.

"ಇನ್ಮೇಲೆ ಯಾರೂ ತು ಅಣ್ಣನಿಗೆ ತೊಂದರೆ ಕೊಡಬೇಕಾಗಿಲ್ಲ ನೋಡಿ," ಎಂದಳು ಕೋ ಮೇಡಂ.

ಪಕ್ಕದ ಮೇಜಿನ ಸುಂಗ್ ಹಲ್ಲು ಕಿರಿದ. "ಅಣ್ಣಾ, ನಿಮ್ಮ ತಲೆಗೂ ಒಂದು ಅಂಟಿಸಿಬಿಡೋಣ್ವಾ? 'ಖಾಲಿ ಇದೆ' ಅಂತ."

ಎಲ್ಲರೂ ನಕ್ಕರು. ಕೋ ಮೇಡಂ ಕೂಡ ನಕ್ಕಳು, ಆದರೆ ಬಾಯಿಗೆ ಕೈ ಅಡ್ಡ ಹಿಡಿದು. ತು ಕ್ಷಮಿಸದೆ ಉಳಿದದ್ದು ಆ ಕೈಯನ್ನು. ನಗಬಾರದು ಎಂದು ಗೊತ್ತಿದ್ದೂ ನಕ್ಕಳಲ್ಲ! ಅಂದಿನಿಂದ ಚಹಾದ ಲೋಟಗಳು ಅವನ ಮೇಜಿಗೆ ಬರುವುದು ನಿಂತಿತು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ೪೪೧೭ ಎಂಬ ಡಿಸ್ಕ್ ಸತ್ತಿದೆ ಎಂದು ಸರ್ವರಿನ ಪರದೆಯ ಮೇಲೆ ಬಂತು. ಹನ್ನೆರಡರಲ್ಲಿ ಒಂದು ಸತ್ತರೆ ಉಳಿದ ಹನ್ನೊಂದು ಹೇಗೋ ಸಂಸಾರ ತೂಗಿಸುತ್ತವೆ. ಆದರೆ ಹೊಸದು ಬಂದು ಕೂರುವ ಮೊದಲು ಇನ್ನೊಂದು ಹೋಯಿತೋ, ಏಳೂ ಪಟ್ಟಣಗಳು ಕಾಗದದ ಮೇಲಿಂದ ಅಳಿಸಿಹೋದಂತೆಯೇ. ಕೋ ಮೇಡಂ ಹೊಸ ಡಿಸ್ಕನ್ನು ತಾನೇ ತರಿಸಿದಳು. ಬುಧವಾರ ದೊಡ್ಡ ಸಾಹೇಬರ ಎದುರು ಹಳೆಯದನ್ನು ತನ್ನ ಕೈಯಾರೆ ತೆಗೆಯುವುದಾಗಿಯೂ ಸಾರಿದಳು.

ತುವಿನ ಯೋಜನೆ ಹುಟ್ಟಿದ್ದು ಆಗ. ಅದರ ಸರಳತೆಗೆ ಅವನೇ ಬೆರಗಾದ. ೪೪೧೭ರ ಚೀಟಿಯನ್ನೂ ಅದರ ಕೆಳಗಿನ ೨೯೦೬ರ ಚೀಟಿಯನ್ನೂ ಅದಲುಬದಲು ಮಾಡುವುದು, ಅಷ್ಟೆ. ಮೇಡಂ ಚೀಟಿ ನೋಡಿ, ಸತ್ತದ್ದನ್ನು ಬಿಟ್ಟು ಬದುಕಿದ್ದನ್ನು ಎಳೆಯುತ್ತಾಳೆ. ಯಂತ್ರ ಮಲಗುತ್ತದೆ. ಎಳೆದ ಡಿಸ್ಕನ್ನು ತಿರುಗಿಸಿ ನೋಡಿದರೆ ಚೀಟಿಯ ನಂಬರೇ ಬೇರೆ, ಮೈಮೇಲಿನ ನಂಬರೇ ಬೇರೆ. ಚೀಟಿ ಅಂಟಿಸಿದವರು ಯಾರು? ಅವಳೇ. ಎಳೆದವರು ಯಾರು? ಅವಳೇ. ಅಪರಾಧಿ ತಾನೇ ಅಚ್ಚುಹಾಕಿ ಅಂಟಿಸಿಟ್ಟ ಸಾಕ್ಷಿ ಇದು; ತನ್ನ ಪಾಲಿನ ಕೆಲಸ ಏನೇನೂ ಇಲ್ಲ ಎಂದು ತುವಿಗೆ ಸ್ವಲ್ಪ ಸಂಕೋಚವೂ ಆಯಿತು.

ನಕ್ಷೆಗಳು ನಿಜಕ್ಕೂ ಹಾಳಾಗುವುದನ್ನು ಅವನು ಬಯಸಲಿಲ್ಲ, ಅವನೇನು ಕೇಡಿಗನಲ್ಲ. ನಕಲು ತೆಗೆದಿಡುವುದು ಅವನದೇ ಕೆಲಸ. ಆದ್ದರಿಂದ ನಕಲು ಇದೆ ಎನ್ನುವ, ಇಲ್ಲ ಎನ್ನುವ ಅಧಿಕಾರವೂ ಅವನದೇ. ಒಂದು ದಿನ ಎಲ್ಲರೂ ಅಳಲಿ. ಮೇಡಂ ರಾಜೀನಾಮೆ ಬರೆಯಲಿ. ಆಮೇಲೆ ಕಪಾಟಿನ ಮೂಲೆಯಲ್ಲಿ ನಕಲೊಂದು ದೈವಕೃಪೆಯಿಂದ ಸಿಕ್ಕರಾಯಿತು. ಆ ಹೊತ್ತಿಗೆ ಮುಖದಲ್ಲಿ ತರಬೇಕಾದ ಆಶ್ಚರ್ಯವನ್ನು ಸ್ನಾನದ ಮನೆಯ ಕನ್ನಡಿಯ ಮುಂದೆ ಎರಡು ಸಲ ತಂದು ನೋಡಿದ.

ಕೆಲಸಕ್ಕೆ ಆರಿಸಿಕೊಂಡದ್ದು ಮಂಗಳವಾರ ಮಧ್ಯಾಹ್ನದ ನಿದ್ದೆಯ ಹೊತ್ತು. ಹನ್ನೆರಡೂವರೆಗೆ ಕಚೇರಿಯ ದೀಪಗಳು ಆರುತ್ತವೆ. ಪ್ರತಿ ಮೇಜಿನ ಮೇಲೂ ಒಂದು ಪುಟ್ಟ ದಿಂಬು, ದಿಂಬಿನ ಮೇಲೊಂದು ಕೆನ್ನೆ. ಜೊಲ್ಲು ಸುರಿಸುತ್ತ ಮಲಗಿದವರ ನಡುವೆ ಒಬ್ಬ ಎದ್ದು ಹೋದರೆ ಶೌಚಕ್ಕೆ ಹೋದನೆಂದೇ ಅರ್ಥ. ಸುಂಗ್‌ನ ಗೊರಕೆ ಹದಕ್ಕೆ ಬರುವವರೆಗೆ ಕಾದು, ತು ಎದ್ದ. ಅಂಚೆಚೀಟಿ ಸಂಗ್ರಹಿಸುವ ಹವ್ಯಾಸ ಅವನಿಗೆ. ಕಾಗದದ ಮೂಲೆ ಹರಿಯದಂತೆ ಚಿಮಟಿಗೆಯಿಂದ ಎಬ್ಬಿಸುವ ವಿದ್ಯೆ ಊರಲ್ಲಿ ಅವನಷ್ಟು ಬಲ್ಲವರಿಲ್ಲ. ಬೆಚ್ಚಗೆ ಉಸಿರೂದಿ ಮೆತ್ತಗೆ ಮಾಡಿ, ಎಬ್ಬಿಸಿ, ಬದಲಿಸಿ, ಹೆಬ್ಬೆರಳಿನಿಂದ ಒತ್ತಿದ. ನಾಲ್ಕು ನಿಮಿಷ. ಹಸಿರು ಪೊಟ್ಟಣವನ್ನು ಮುಟ್ಟಲೂ ಇಲ್ಲ. ಮರಳಿ ಬಂದು ದಿಂಬಿಗೆ ಕೆನ್ನೆಯಿಟ್ಟಾಗ ಅವನಿಗೆ ನಿಜವಾಗಿಯೂ ನಿದ್ದೆ ಬಂತು.

ಬುಧವಾರ ಹತ್ತು ಗಂಟೆಗೆ ಎಲ್ಲರೂ ಕೋಣೆಯಲ್ಲಿ ಸೇರಿದರು. ದೊಡ್ಡ ಸಾಹೇಬರು ಕೈಕಟ್ಟಿ ನಿಂತರು. ಕೋ ಮೇಡಂ, ಮೈಯ ವಿದ್ಯುತ್ತು ಡಿಸ್ಕಿಗೆ ತಾಗದಂತೆ ತಡೆಯುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಖಾನೆಯತ್ತ ಕೈ ಚಾಚಿ, ನಿಂತುಬಿಟ್ಟಳು.

"ಬೇಡ. ಇದು ನನ್ನ ಕೈಯಿಂದ ಆಗಬಾರದು," ಎಂದಳು. "ತು ಅಣ್ಣಾ, ಹತ್ತೊಂಬತ್ತು ವರ್ಷ ಇದನ್ನ ಸಾಕಿದವರು ನೀವು. ನಾನು ಬಂದಾಗಿಂದ ನಿಮಗೆ ಬೇಜಾರು ಮಾಡಿದೀನಿ, ಗೊತ್ತು ನನಗೆ. ನೀವೇ ತೆಗೀರಿ." ತನ್ನ ಮಣಿಕಟ್ಟಿನ ಪಟ್ಟಿ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ನೀಡಿದಳು.

"ಅಯ್ಯೋ, ನಂಗ್ಯಾಕೆ ಮೇಡಂ..."

"ನಾಚ್ಕೋಬೇಡಿ ಅಣ್ಣಾ," ಎಂದ ಸುಂಗ್. "ಕಣ್ಣಿಗೆ ಬಟ್ಟೆ ತರಲಾ?"

"ಬೇಗ ಆಗಲಪ್ಪ, ತು," ಎಂದರು ಸಾಹೇಬರು. "ತೆಗೆದವರು ಸಹಿ ಹಾಕಬೇಕು ಇಲ್ಲಿ."

ಪಟ್ಟಿ ಕಟ್ಟಿಕೊಳ್ಳಲು ಹಿಡಿಯುವಷ್ಟು ಹೊತ್ತಿನಲ್ಲಿ ತು ಎಲ್ಲವನ್ನೂ ತೂಗಿ ನೋಡಿದ. ಚೀಟಿಯಂತೆ ಎಳೆದರೆ ಯಂತ್ರ ಮಲಗುತ್ತದೆ, ಕಾಗದದ ಮೇಲೆ ತನ್ನ ಸಹಿ ಇರುತ್ತದೆ, ಕಣ್ಣಿಗೆ ಬಟ್ಟೆ ಕಟ್ಟುವ ಮಾತನ್ನು ಸುಂಗ್ ತಾನು ಸಾಯುವವರೆಗೂ ಆಡಿ ತೋರಿಸುತ್ತಾನೆ. ಸರಿಯಾದದ್ದನ್ನೇ ಎಳೆದರೆ? ಆಗ ಹೊಳೆಯಿತು. ಅಯ್ಯೋ, ಇದು ಮೊದಲಿನದಕ್ಕಿಂತ ಚೆಂದದ ಉಪಾಯವಲ್ಲವೇ! ನಕಲು ಹುಡುಕಿದಂತೆ ನಟಿಸುವ ಕಷ್ಟವೂ ಇಲ್ಲ.

೨೯೦೬ ಎಂಬ ಚೀಟಿಯಿದ್ದ ಖಾನೆಯ ಹಿಡಿಯನ್ನು ಅವನು ಹಿಡಿದ.

"ತು ಅಣ್ಣಾ! ಅದಲ್ಲ!" ಕೋ ಮೇಡಂ ಚೀರಿದಳು.

ತು ಎಳೆದೇಬಿಟ್ಟ. ಯಂತ್ರ ಎಂದಿನಂತೆ ಗುಂಯ್ ಎನ್ನುತ್ತಲೇ ಇತ್ತು. ಡಿಸ್ಕನ್ನು ನಿಧಾನವಾಗಿ ತಿರುಗಿಸಿ ಅದರ ಮೈಮೇಲಿನ ನಂಬರನ್ನು ಸಾಹೇಬರಿಗೆ ತೋರಿಸಿದ. ೪೪೧೭.

"ಈ ಎರಡು ಚೀಟಿ ಮೊದಲ ದಿನದಿಂದಲೂ ಅದಲುಬದಲಾಗಿದ್ವು ಮೇಡಂ," ಎಂದ, ಆದಷ್ಟು ಮೃದುವಾಗಿ. "ನೀವು ಅಂಟಿಸಿದ ದಿನಾನೇ ನೋಡಿದ್ದೆ. ಎಲ್ಲರೆದುರು ಹೇಳಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಸುಮ್ಮನಿದ್ದೆ. ಇವತ್ತು ನೀವೇ ಕೈ ಹಾಕಿದ್ರೆ ತಡೀತಿದ್ದೆ ಬಿಡಿ."

ಕೋ ಮೇಡಂ ಮುಖ ಬಿಳಿಚಿತು. ಸೊಂಟ ಬಾಗಿಸಿ ಮೂರು ಸಲ ವಂದಿಸಿದಳು. ಸಾಹೇಬರು ತುವಿನ ಬೆನ್ನು ತಟ್ಟಿ, ಯಾವ ಕುರ್ಚಿಯಲ್ಲಿ ಯಾರಿರಬೇಕು ಎಂದು ಯೋಚಿಸಬೇಕಾಗಿದೆ ಎಂದರು. ಸುಂಗ್ ಎಲ್ಲರಿಗೂ ಹಾಲಿನ ಚಹಾ ತರಿಸಿದ. "ಅಣ್ಣನಿಗೆ ದೊಡ್ಡ ಲೋಟ! ಅರ್ಧ ಸಕ್ಕರೆ, ಐಸು ಕಮ್ಮಿ!" ಹಲವು ತಿಂಗಳ ಮೇಲೆ ತುವಿನ ಮೇಜಿನ ಮೇಲೆ ಚಹಾ ಬಂದು ಕೂತಿತು. ಅವನು ಅದನ್ನು ನಿಧಾನವಾಗಿ, ಗುಟುಕು ಗುಟುಕಾಗಿ ಕುಡಿದ.

ಅವನು ಇನ್ನೂ ಕುಡಿಯುತ್ತಿರುವಾಗಲೇ, ಹಳೆಯ ಡಿಸ್ಕನ್ನು ವಾಪಸು ಕಳಿಸಲು ಕೋ ಮೇಡಂ ಫಾರಂ ತುಂಬುತ್ತ ಕೂತಿದ್ದಳು. ಕೆಟ್ಟ ಡಿಸ್ಕ್ ಖಾನೆಯಲ್ಲಿದ್ದ ಹಾಗೆಯೇ ಅದರ ಫೋಟೋ ಕಳಿಸದಿದ್ದರೆ ಡಿಸ್ಕ್ ಮಾಡುವ ಕಂಪನಿಯವರು ಹೊಸದನ್ನು ಕೊಡುವುದೇ ಇಲ್ಲ. ಡಿಸ್ಕು ತರಿಸುವ ಕೆಲಸ ಒಮ್ಮೆಯೂ ಮಾಡದ ತುವಿಗೆ ಅದು ಗೊತ್ತಿರಲಿಲ್ಲ. ಹೊಸ ಡಿಸ್ಕಿಗಾಗಿ ಬರೆಯುವಾಗ ತೆಗೆದಿದ್ದ ಸೋಮವಾರದ ಆ ಫೋಟೋವನ್ನು ಅವಳು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಳು, ಮತ್ತೆ ನೋಡಿದಳು, ಆಮೇಲೆ ಸಾಹೇಬರನ್ನು ಕರೆದಳು. ತು ಎಳೆದ ಖಾನೆಯ ಮೇಲೆ ಸೋಮವಾರ ಇದ್ದ ಚೀಟಿ ೪೪೧೭. ಶುಕ್ರವಾರದಿಂದ ತು ವೆನ್-ಪಿನ್ ಕೆಲಸಕ್ಕೆ ಬರಲಿಲ್ಲ.